ಎಡಗಡೆಯ ಬ್ರೇಕು

ನಮ್ಮ ಕಾರಿಗೆ ಎರಡು ಬ್ರೇಕುಗಳಿದ್ದವು. ಒಂದು, ಎಲ್ಲರ ಕಾರುಗಳಲ್ಲಿರುವಂತೆ, ಸ್ಟೇರಿಂಗ್ ಹಿಡಿದವರ ಕಾಲಿನ ಬಳಿ. ಇನ್ನೊಂದು ಎಡಗಡೆ ಸೀಟಿನವರ ಕಾಲಿನ ಬಳಿ. ಅಪ್ಪ ಗೋವಿಂದರಾಜನಗರದಲ್ಲಿ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಕಲಿಯುವವರು ಬಲಗಡೆ ಕೂತು ಬೆವರುತ್ತಿದ್ದರೆ ಅಪ್ಪ ಎಡಗಡೆ ಕೂತು, ಕಿಟಕಿಯ ಮೇಲೆ ಮೊಣಕೈ ಇಟ್ಟು, ತಮಗೂ ಈ ಕಾರಿಗೂ ಸಂಬಂಧವೇ ಇಲ್ಲವೆನ್ನುವಂತೆ ಹೊರಗೆ ನೋಡುತ್ತಿದ್ದರು. ಕಾಲು ಮಾತ್ರ ಆ ಎರಡನೆಯ ಬ್ರೇಕಿನ ಮೇಲೆಯೇ ಇರುತ್ತಿತ್ತು.

ಎರಡೂ ಬ್ರೇಕುಗಳನ್ನು ಅಡಿಯಲ್ಲಿ ಒಂದು ಕಬ್ಬಿಣದ ಸರಳು ಕೂಡಿಸಿತ್ತು. ಎಡಗಡೆಯದನ್ನು ಒತ್ತಿದರೆ ಬಲಗಡೆಯದೂ ತಾನಾಗಿಯೇ ಇಳಿಯುತ್ತಿತ್ತು. ಆದರೂ ಅಪ್ಪನ ಶಿಷ್ಯರಲ್ಲಿ ಅರ್ಧಕ್ಕರ್ಧ ಜನ ಕಾರನ್ನು ತಾವೇ ನಿಲ್ಲಿಸಿದೆವೆಂದು ನಂಬಿ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಜೀವ ಕೈಯಲ್ಲಿ ಹಿಡಿದು ಕೂತವರಿಗೆ ಪಾದದ ಕೆಳಗೆ ಏನು ಇಳಿಯಿತು, ಏನು ಏರಿತು ಎಂಬುದೆಲ್ಲ ಎಲ್ಲಿ ತಿಳಿಯುತ್ತದೆ. ಅಪ್ಪನ ಪಾಠದ ಗುಟ್ಟೂ ಅದೇ ಆಗಿತ್ತು. “ಬ್ರೇಕ್ ಹಾಕಿದ್ದು ನಾನು ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಧೈರ್ಯ ಹೋಗುತ್ತೆ. ಧೈರ್ಯ ಹೋದೋರಿಗೆ ಬ್ರಹ್ಮ ಬಂದ್ರೂ ಗಾಡಿ ಕಲ್ಸೋಕಾಗಲ್ಲ” ಎನ್ನುತ್ತಿದ್ದರು.

ಚಿಕ್ಕವಳಾಗಿದ್ದಾಗ ನಾನು ಆ ಬ್ರೇಕನ್ನು ಒಮ್ಮೆ ಆಟಕ್ಕೆಂದು ಒತ್ತಿ, ಬೆನ್ನಿಗೆ ಒಂದು ಏಟು ತಿಂದಿದ್ದೆ. ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ. ಆಮೇಲೆ ನಾನು ಎಡಗಡೆ ಕೂತಾಗಲೆಲ್ಲ ಕಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡೇ ಕೂರುತ್ತಿದ್ದೆ. ಹದಿನೆಂಟಕ್ಕೆ ಲೈಸೆನ್ಸ್ ಮಾಡಿಸಿಕೊಟ್ಟರು, ಕಾರು ಕಲಿಸಿದರು. ಆದರೆ ಪಾಠದ ಹೊತ್ತು ಬಿಟ್ಟರೆ, ಅಪ್ಪ ಇರುವಾಗ ಆ ಕಾರಿನ ಸ್ಟೇರಿಂಗ್ ಇನ್ನೊಬ್ಬರು ಮುಟ್ಟುವುದು ಎಂದರೆ ನಮ್ಮ ಮನೆಯಲ್ಲಿ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ನಾನು ಸ್ಕೂಟರಿಗೆ ಒಗ್ಗಿಕೊಂಡೆ. ಮದುವೆಯಾಯಿತು, ಮಗಳಾದಳು, ಬಸವೇಶ್ವರನಗರದಲ್ಲಿ ಅಪ್ಪನ ಮನೆಯ ಮೇಲಿನ ಪೋರ್ಷನ್ನಿಗೇ ಬಂದೆವು. ಶಾಲೆಗೆ ವಿಜ್ಞಾನ ಪಾಠ ಮಾಡಲು ದಿನಾ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದೆ.

ಡ್ರೈವಿಂಗ್ ಸ್ಕೂಲ್ ಮುಚ್ಚಿದ ಮೇಲೆ ಅಪ್ಪ ಕಾರಿನ ತಲೆಯ ಮೇಲಿನ ಬೋರ್ಡು ಇಳಿಸಿದರು, ಕೆಂಪು ‘ಎಲ್’ ಅಕ್ಷರವನ್ನು ಬ್ಲೇಡಿನಲ್ಲಿ ಕೆರೆದು ತೆಗೆದರು. ಎಡಗಡೆಯ ಬ್ರೇಕನ್ನು ಮಾತ್ರ ತೆಗೆಸಲಿಲ್ಲ. “ಇರ್ಲಿ ಬಿಡು, ಅದೇನು ಅನ್ನ ಕೇಳುತ್ತಾ?” ಎಂದರು.

ಅದಾದ ಮೇಲಿನ ಒಂದು ವರ್ಷದಲ್ಲಿ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಅಪ್ಪ ಕಾರು ತೆಗೆದರೆ ಅಮ್ಮ ಪಕ್ಕದಲ್ಲಿ ಇರಲೇಬೇಕು. ಮೂಲೆಯ ಮೆಡಿಕಲ್ ಸ್ಟೋರ್ ಇರಲಿ, ವಿಜಯನಗರದ ಮಾರ್ಕೆಟ್ ಇರಲಿ, ಅಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಓಡಿ ಬಂದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅವಳಿಗೆ ಜ್ವರ ಬಂದ ದಿನ ಅಪ್ಪ ಆಟೋದಲ್ಲಿ ಹೋದರು. ನಾನೂ ನನ್ನ ಗಂಡನೂ ನಕ್ಕಿದ್ದೇ ನಕ್ಕಿದ್ದು. “ಮದ್ವೆಯಾದ ಹೊಸದ್ರಲ್ಲಿ ಇಲ್ದಿದ್ದ ಪ್ರೀತಿ ಈಗ ಉಕ್ತಾ ಇದೆ ನೋಡಿ” ಎಂದು ಅಮ್ಮನನ್ನು ರೇಗಿಸಿದೆ. ಅಮ್ಮ ನಗಲಿಲ್ಲ. ಅದೇ ವರ್ಷ ಅವಳಿಗೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾಗಿತ್ತು. ಸಂಜೆ ಹರಳೆಣ್ಣೆ ಹಚ್ಚಿ ನೀವಿಕೊಳ್ಳುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆ. ಬೇರೆಯವರ ಮಕ್ಕಳಿಗೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಿಕೊಡುವವಳ ಬುದ್ಧಿ ಇಷ್ಟು.

ಪ್ರತಿ ಡಿಸೆಂಬರ್ ರಜೆಯಲ್ಲಿ ಒಂದು ದಿನ ನಾವು ಕಾರಿನಲ್ಲಿ ಹೊರಡುವ ರೂಢಿ. ಶ್ರೀರಂಗಪಟ್ಟಣದ ಕೋಟೆ, ಅಲ್ಲಿಂದ ಪಾಂಡವಪುರದ ಮೇಲೆ ತೊಣ್ಣೂರು ಕೆರೆ, ಕತ್ತಲಾಗುವುದರೊಳಗೆ ವಾಪಸ್ಸು. ಆ ವರ್ಷ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಅಪ್ಪ, ಅಮ್ಮ, ನಾನು ಮತ್ತು ಹತ್ತು ವರ್ಷದ ನನ್ನ ಮಗಳು, ನಾಲ್ವರೇ.

ಹೊರಡುವ ಬೆಳಿಗ್ಗೆ ಕಾರಿನ ಎಡ ಮಗ್ಗುಲು ನೋಡಿದೆ. ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಗೀರು. ಎಡಗಡೆಯ ಕನ್ನಡಿಗೆ ಟೇಪು ಸುತ್ತಿತ್ತು.

“ಇದೇನಪ್ಪ, ಯಾರು ಹೀಗೆ ಮಾಡಿದ್ದು?” ಎಂದೆ.

“ಯಾರೋ ಪಾರ್ಕಿಂಗಲ್ಲಿ ಉಜ್ಕೊಂಡು ಹೋಗಿದಾರೆ. ನನ್ನನ್ನೇನು ಕೇಳ್ತೀಯ? ನಾನು ಉಜ್ಜಿದ್ನಾ?” ಎಂದು ಅಪ್ಪ ರೇಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ಉತ್ತರ.

ಅಮ್ಮ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಳು. ಕಾರು ಕದಲಿತು. ಮೂರು ಹಣ್ಣು ಪಚಕ್ಕೆಂದವು. ಎಡಗಡೆ ಮುಂದಿನದು ಚಕ್ರಕ್ಕೆ ಸಿಗದೆ ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಅಮ್ಮ ಕೈ ತೋರಿಸಿ ಕಾರು ನಿಲ್ಲಿಸಿ, ಬೇರೆ ಹಣ್ಣು ಇಟ್ಟು ಹತ್ತಿಸಿದಳು. ಅವಳ ಮುಖ ಬೆಳ್ಳಗಾಗಿತ್ತು. “ಅಮ್ಮ, ನಿಂಬೆಹಣ್ಣು ದುಂಡಗಿದೆ, ಉರುಳುತ್ತೆ” ಎಂದು ನಾನು ನಕ್ಕೆ. “ಹೊರಡೋ ಹೊತ್ತಲ್ಲಿ ಬಾಯ್ಗೆ ಬಂದಂಗೆ ಆಡ್ಬೇಡ” ಎಂದು ಗದರಿದಳು. ಹೊರಟ ಮೇಲೆ ಮನೆ ಸೇರುವ ತನಕ ಕೆಟ್ಟ ಮಾತು ಆಡಕೂಡದು ಎನ್ನುವುದು ಅಮ್ಮನ ತವರಿನ ಕಟ್ಟಳೆ. ಟೈರು ಪಂಕ್ಚರ್ ಆದರೂ ‘ಗಾಳಿ ಕಡಿಮೆ ಇದೆ’ ಎನ್ನಬೇಕು. ಅದು ನನಗೂ ಹುಟ್ಟಿದಾಗಿನಿಂದ ಅಭ್ಯಾಸವಾಗಿತ್ತು.

ಅಮ್ಮ ಮುಂದೆ ಕೂತು, ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿದಳು. ನಾನು ಅಪ್ಪನ ಹಿಂದೆ, ಮಗಳು ಅಮ್ಮನ ಹಿಂದೆ ಕೂತೆವು.

ಅಪ್ಪ ಹೊಸ ಹೆದ್ದಾರಿಗೆ ಹೋಗಲಿಲ್ಲ. “ಅದ್ರಲ್ಲಿ ನೋಡೋಕೆ ಏನಿದೆ, ಬರೀ ಕಾಂಕ್ರೀಟು” ಎಂದು ಹಳೆಯ ರಸ್ತೆಯನ್ನೇ ಹಿಡಿದರು. ಕೆಂಗೇರಿ ದಾಟುವವರೆಗೆ ಮೆಟ್ರೋ ಕಂಬಗಳ ನೆರಳು ಒಂದಾದ ಮೇಲೊಂದು ಅಮ್ಮನ ಮಡಿಲ ಮೇಲೆ ಬಿದ್ದು ಹೋಗುತ್ತಿತ್ತು. ಆಮೇಲೆ ರಾಮನಗರದ ಬಂಡೆಗಳು, ಮಂಜಿನೊಳಗೆ ಅರ್ಧ ಮಾತ್ರ ಕಾಣುತ್ತಿದ್ದವು. ಮಗಳು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಅಪ್ಪ ಎಂದಿನಂತೆ ಪಾಠ ಮಾಡುತ್ತಿದ್ದರು: “ಎದುರು ಬರೋನು ಕುಡ್ದಿದಾನೆ ಅಂದ್ಕೋಬೇಕು ಪುಟ್ಟಿ. ಪಕ್ಕದಲ್ಲಿ ಬರೋನು ನಿದ್ದೆ ಮಾಡ್ತಿದಾನೆ ಅಂದ್ಕೋಬೇಕು. ಎಲ್ರಿಗೂ ಸೇರ್ಸಿ ನಾವೊಬ್ರೇ ಎಚ್ಚರ ಇರ್ಬೇಕು.”

ತಿಂಡಿಗೆ ನಿಂತಾಗ ಹೋಟೆಲಿನವನು ಕಾಫಿ ಲೋಟವನ್ನು ಅಪ್ಪನ ಎಡಗಡೆ ಇಟ್ಟ. ಅಮ್ಮ ತಕ್ಷಣ ಅದನ್ನು ಎತ್ತಿ ಬಲಗಡೆ ಇಟ್ಟಳು. ಚಟ್ನಿ ಬಟ್ಟಲನ್ನೂ ಹಾಗೆಯೇ ಸರಿಸಿದಳು. ಅಪ್ಪ ನೋಡಲೂ ಇಲ್ಲ, ಕೇಳಲೂ ಇಲ್ಲ. ಮನೆಯಲ್ಲಿ ಬಾಗಿಲ ಬಳಿಯ ಸ್ಟೂಲು ಎಡದಿಂದ ಬಲಕ್ಕೆ ಹೋದದ್ದು, ಟಿವಿ ರಿಮೋಟು ಬಲಗಡೆಯೇ ಇರಬೇಕೆಂದು ಅಮ್ಮ ಮಗಳಿಗೆ ತಾಕೀತು ಮಾಡಿದ್ದು, ಎಲ್ಲ ಒಟ್ಟಿಗೇ ನೆನಪಾದವು. ಆದರೂ ಇಡ್ಲಿ ತಿಂದೆ.

ಆಮೇಲೆ ನಾನು ದಾರಿ ನೋಡಲಿಲ್ಲ. ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಬಾಗಿ ಅಮ್ಮನ ಕಾಲು ನೋಡತೊಡಗಿದೆ.

ಚನ್ನಪಟ್ಟಣದಲ್ಲಿ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ರಸ್ತೆಗೆ ಬಂದ. ಅಮ್ಮನ ಬಲಗಾಲು ಮೆಲ್ಲಗೆ ಇಳಿಯಿತು. ಕಾರು ನಿಧಾನವಾಯಿತು. ಅಪ್ಪ ಆಮೇಲೆ ಕತ್ತು ತಿರುಗಿಸಿ, ಸೈಕಲ್ಲಿನವನನ್ನು ಕಂಡು, “ನೋಡ್ಕೊಂಡು ಬಾರಪ್ಪ” ಎಂದು ಗೊಣಗಿದರು. ಮದ್ದೂರಿನ ಹತ್ತಿರ ಒಂದು ನಾಯಿ. ಮತ್ತೆ ಅಮ್ಮನ ಕಾಲು. ಮಂಡ್ಯದಲ್ಲಿ ಎಡಗಡೆಯಿಂದ ನುಗ್ಗಿದ ಒಂದು ಬಸ್ಸು. ಮತ್ತೆ ಅದೇ ಕಾಲು. ಸ್ಟೇರಿಂಗನ್ನು ಜನ್ಮದಲ್ಲೇ ಮುಟ್ಟದ ನನ್ನ ಅಮ್ಮ, ಸೀರೆಯ ನೆರಿಗೆಯ ಮರೆಯಲ್ಲಿ ಬರಿಗಾಲು ಆ ಬ್ರೇಕಿನ ಮೇಲಿಟ್ಟು, ಕಣ್ಣು ಮಿಟುಕಿಸದೆ ಎಡಗಡೆಯನ್ನೇ ನೋಡುತ್ತ ಕೂತಿದ್ದಳು. ನನ್ನ ಮಗಳು ಅವಳ ಹಿಂದೆ ಕೂತು ಹಾಡು ಗುನುಗುತ್ತಿದ್ದಳು. ಅವಳ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದೆ.

ಶ್ರೀರಂಗಪಟ್ಟಣದಲ್ಲಿ ಅಪ್ಪ ಮೊಮ್ಮಗಳ ಕೈ ಹಿಡಿದು ಕೋಟೆ ತೋರಿಸಿದರು. ನೆಲದೊಳಗಿನ ಸೆರೆಮನೆಯ ಕಮಾನುಗಳಲ್ಲಿ ಬಾವಲಿಗಳ ವಾಸನೆ. ಸುಲ್ತಾನನ ಹೆಣ ಸಿಕ್ಕಿತು ಎನ್ನುವ ಕಲ್ಲಿನ ಬಳಿ ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದರು: “ಕೋಟೆ ಗೋಡೆ ಗಟ್ಟಿ ಇತ್ತು ಪುಟ್ಟಿ. ಎಲ್ಲಿ ಸಂದಿ ಇದೆ ಅಂತ ಒಳಗಿದ್ದೋರಿಗೆ ಗೊತ್ತಿತ್ತು. ಒಬ್ರೂ ಬಾಯ್ಬಿಡ್ಲಿಲ್ಲ.” ಅಮ್ಮ ಅತ್ತ ತಿರುಗಿಕೊಂಡಳು. ಹೊರಗೆ ಬರುವಾಗ ಎಡಗಡೆಯ ಮೆಟ್ಟಿಲು ತಪ್ಪಿ ಅಪ್ಪ ಮುಗ್ಗರಿಸಿದರು. ಹಿಡಿಯಲು ಹೋದ ನನ್ನ ಕೈಯನ್ನು ಕೊಡವಿಕೊಂಡರು.

ತೊಣ್ಣೂರು ಕೆರೆ ಎಂದಿನಂತೆಯೇ ಚೆಂದವಾಗಿತ್ತು. ಸುತ್ತ ಗುಡ್ಡ, ತಳ ಕಾಣುವಷ್ಟು ತಿಳಿಯಾದ ನೀರು, ದಡದಲ್ಲಿ ‘ನೀರಿಗಿಳಿಯುವುದು ಅಪಾಯ’ ಎಂಬ ಬೋರ್ಡು. ಅಪ್ಪ ಮತ್ತು ಮಗಳು ಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿಗೆ ಪುರಿ ಎಸೆಯುತ್ತ ಮೀನು ನೋಡುತ್ತಿದ್ದರು. ನಾನು ಅಮ್ಮನನ್ನು ಮರದ ಕೆಳಕ್ಕೆ ಕರೆದುಕೊಂಡು ಹೋದೆ.

“ಅಪ್ಪನ ಎಡಗಣ್ಣಿಗೆ ಏನಾಗಿದೆ?”

ಅಮ್ಮ ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು. “ಹೋಗಿದೆ” ಎಂದಳು.

ಒಂದು ವರ್ಷದ ಹಿಂದೆ ಅಪ್ಪ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರಂತೆ. ಚೀಟಿ ಮತ್ತು ಡ್ರಾಪ್ಸ್ ಬಾಟಲಿಯನ್ನು ಕಾರಿನ ಸ್ಪ್ಯಾನರ್ ಚೀಲದಲ್ಲಿ ಬಚ್ಚಿಟ್ಟಿದ್ದರು. ಅಮ್ಮ ಅದನ್ನು ಕಂಡು, ಇಂಗ್ಲಿಷ್ ತಿಳಿಯದೆ, ಮೆಡಿಕಲ್ ಸ್ಟೋರಿನವನಿಗೆ ತೋರಿಸಿ ಕೇಳಿದ್ದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎಡಗಣ್ಣಿನ ದೃಷ್ಟಿ ಪೂರ್ತಿ ಹೋಗಿದೆ, ಉಳಿದದ್ದನ್ನು ಕಾಪಾಡಿಕೊಳ್ಳಲು ಈ ಡ್ರಾಪ್ಸು ಎಂದು ಅವನು ಬಿಡಿಸಿ ಹೇಳಿದ. ಅಮ್ಮ ಚೀಟಿಯನ್ನು ಮಡಚಿದ್ದ ಹಾಗೆಯೇ ಮಡಚಿ ಸ್ಪ್ಯಾನರ್ ಚೀಲಕ್ಕೆ ಹಾಕಿದಳು. ಮಾರನೆಯ ದಿನದಿಂದ ಮುಂದಿನ ಸೀಟಿನಲ್ಲಿ ಕೂರತೊಡಗಿದಳು.

“ನಿನಗೆ ಗೊತ್ತು ಅಂತ ಅವರಿಗೆ ಗೊತ್ತಾ?”

“ಅಯ್ಯೋ, ಗೊತ್ತಿಲ್ಲ ಕಣೇ. ಗೊತ್ತಾಗ್ಲೂಬಾರ್ದು. ಕಲಿಯೋರಿಗೆ ಗೊತ್ತಾಗ್ದಂಗೆ ಹಾಕ್ಬೇಕು ಅಂತ ಅವ್ರೇ ಹೇಳ್ತಿದ್ರಲ್ಲ. ಮೂವತ್ತು ವರ್ಷ ಕೇಳಿ ಕೇಳಿ ನಂಗೂ ಬಂತು.”

“ಅಮ್ಮ, ಹಿಂದೆ ನನ್ನ ಮಗಳು ಕೂತಿದ್ದಾಳೆ!”

ಅಮ್ಮನ ಕಣ್ಣು ತುಂಬಿತು. “ಊರಿಗೆಲ್ಲ ಗಾಡಿ ಕಲ್ಸಿದ ಮನುಷ್ಯ. ನಿಮ್ಗೆ ಕಣ್ಣಿಲ್ಲ, ಇಳೀರಿ ಅಂತ ಹೆಂಗೆ ಹೇಳ್ಲಿ? ಆ ಸ್ಟೇರಿಂಗ್ ಕಿತ್ಕೊಂಡ್ರೆ ಅವ್ರಿಗೆ ಇನ್ನೇನಿದೆ ಹೇಳು. ಇದೇ ಕೊನೇ ಟ್ರಿಪ್ಪು. ಮನೆ ಸೇರಿದ್ಮೇಲೆ ನೀನೇ ಹೇಳು. ದಾರೀಲಿ ಬೇಡ. ಹೊರಟ ದಾರೀಲಿ ಇಂಥ ಮಾತು ಎತ್ಬೇಡ, ನಿಂಗೆ ಕೈ ಮುಗೀತೀನಿ.”

ಅಲ್ಲಿ ನಾನು ತಪ್ಪು ಮಾಡಿದೆ. ನೆಟ್ಟಗೆ ಹೋಗಿ ಬೀಗದ ಕೈ ಕೇಳಬೇಕಿತ್ತು. ನನ್ನ ಪರ್ಸಿನಲ್ಲಿ ಲೈಸೆನ್ಸ್ ಇತ್ತು. ಆದರೆ ಅಮ್ಮ ಕೈ ಮುಗಿದಿದ್ದಳು, ದಾರಿಯಲ್ಲಿ ಅಪಶಕುನ ನುಡಿಯಬಾರದು ಎನ್ನುವುದು ರಕ್ತದಲ್ಲಿ ಇಳಿದಿತ್ತು, ಮತ್ತು ನಿಜ ಹೇಳಬೇಕೆಂದರೆ ಅಪ್ಪನ ಮುಖ ನೋಡಿ ಆ ಮಾತು ಹೇಳುವ ಧೈರ್ಯ ನನಗಿರಲಿಲ್ಲ. ಆಯಿತು, ಮನೆಗೆ ಹೋದ ಮೇಲೆ, ಎಂದೆ. ನಿಂಬೆಹಣ್ಣು ದುಂಡಗಿದೆ ಎಂದು ಬೆಳಿಗ್ಗೆ ನಕ್ಕವಳು ನಾನೇ.

ಊಟ ಮುಗಿಸಿ ಮೇಲೆ ಹತ್ತುವಾಗ ಅಮ್ಮನ ಬಲಗಾಲು ಹಿಡಿದುಕೊಂಡಿತು. ಮೀನಖಂಡ ಕಲ್ಲಿನ ಹಾಗಾಗಿ, ನೆಲಕ್ಕೆ ಪಾದ ಊರಲಾಗದೆ ಅವಳು ಮೆಟ್ಟಿಲ ಮೇಲೆಯೇ ಕುಸಿದಳು. ನಾನೂ ಮಗಳೂ ತೋಳು ಹಿಡಿದು ಕಾರಿನ ತನಕ ತಂದೆವು. ಅಮ್ಮ ಮುಂದಿನ ಬಾಗಿಲಿಗೆ ಕೈ ಹಾಕಿದಳು.

“ಹಿಂದೆ ಕಾಲು ಚಾಚಿಕೊಂಡು ಕೂರು. ಮುಂದೆ ನಾನು ಕೂರುತ್ತೇನೆ” ಎಂದೆ.

“ಬೇಡ, ಬೇಡ, ಅವ್ಳೇ ಕೂರ್ಲಿ” ಎಂದರು ಅಪ್ಪ, ಥಟ್ಟನೆ. “ಸ್ವಲ್ಪ ಹೊತ್ತು ಇಲ್ಲೇ ಇರೋಣ. ಅವ್ಳ ಕಾಲು ಸರಿ ಹೋಗ್ಲಿ.”

ಅರ್ಧ ಗಂಟೆ ಕೂತೆವು. ಕಾಲು ಸರಿಹೋಗಲಿಲ್ಲ. ಬಿಸಿಲು ಗುಡ್ಡದ ಮೇಲಕ್ಕೆ ಹತ್ತಿತು. ಕತ್ತಲಾದ ಮೇಲೆ ಒಂದೇ ಕಣ್ಣಿನಲ್ಲಿ ಅಪ್ಪ ಮೈಸೂರು ರಸ್ತೆಯಲ್ಲಿ ಕಾರು ಓಡಿಸುವುದನ್ನು ನೆನೆಯಲೂ ಆಗಲಿಲ್ಲ. “ಹೊರಡಿ ಅಪ್ಪ, ಹೊತ್ತಾಯಿತು” ಎಂದು ನಾನೇ ಅವಸರ ಮಾಡಿದೆ. ಅಪ್ಪ ನನ್ನನ್ನು ಒಂದು ಕ್ಷಣ ನೋಡಿದರು. ಬಲಗಣ್ಣಿನಿಂದ ನೋಡಲು ಮುಖವನ್ನು ಪೂರ್ತಿ ತಿರುಗಿಸಬೇಕಾಯಿತು.

“ಚಪ್ಲಿ ಬಿಚ್ಚಿ ಕೂತ್ಕೋ. ಕಾಲು ಮುಂದಕ್ಕೆ ಚಾಚ್ಕೋ” ಎಂದರು.

ಕಾರು ಕೊಳೆಯಾಗದಿರಲಿ ಎಂದು ಹೇಳಿದರು ಎಂದುಕೊಂಡೆ. ಹಿಂದಿನಿಂದ ಅಮ್ಮ ನನ್ನ ಭುಜ ಹಿಂಡಿದಳು.

ಅಪ್ಪನಿಗೆ ಮಂಡ್ಯದ ಕಡೆ ಹೋಗಲು ಒಂದು ಒಳದಾರಿ ಗೊತ್ತಿತ್ತು. ಅದು ನಾಲೆಯ ಏರಿಯ ಮೇಲಿನ ರಸ್ತೆ. ಬಲಗಡೆ ಕಬ್ಬಿನ ಗದ್ದೆ, ಎಡಗಡೆ ನಾಲೆ. ನಡುವೆ ತಡೆಗೋಡೆ ಇಲ್ಲ, ಕಲ್ಲಿನ ಕಂಬವೂ ಇಲ್ಲ. ಅಂಗೈಯಗಲ ಹುಲ್ಲು, ಆಮೇಲೆ ನೀರು. ನಾಲೆ ತುಂಬಿ ಹರಿಯುತ್ತಿತ್ತು, ಸದ್ದೇ ಇಲ್ಲದೆ, ಮಣ್ಣಿನ ಬಣ್ಣದಲ್ಲಿ. ಮಂಡ್ಯದ ಕಡೆ ಮದುವೆಗೆ ಹೊರಟ ಕಾರುಗಳು ಇಂಥ ನಾಲೆಗಳಿಗೆ ಬಿದ್ದ ಸುದ್ದಿಯನ್ನು ನಾವೆಲ್ಲ ಓದಿದವರೇ. ಒಬ್ಬರೂ ಅದನ್ನು ಎತ್ತಲಿಲ್ಲ. ಮಗಳು, “ಅಜ್ಜಿ, ಈ ನೀರು ಎಷ್ಟು ಆಳ ಇದೆ?” ಎಂದು ಕೇಳಿದಳು. “ಸುಮ್ನೆ ಕೂತ್ಕೋ ಪುಟ್ಟಿ” ಎಂದಳು ಅಮ್ಮ.

ನಾನು ಕಾಲನ್ನು ಮುಂದಕ್ಕೆ ಚಾಚಿ ಬ್ರೇಕಿನ ಮೇಲೆ ಇಟ್ಟೆ. ಬಾಲ್ಯದ ಆ ಏಟು ಬೆನ್ನಿನಲ್ಲಿ ಚುರುಕ್ ಎಂದಿತು. ಕಬ್ಬಿಣ ತಣ್ಣಗಿತ್ತು, ಮೇಲಿನ ರಬ್ಬರು ಸವೆದು ನುಣುಪಾಗಿತ್ತು. ಅಪ್ಪನ ಮೂವತ್ತು ವರ್ಷ, ಅಮ್ಮನ ಒಂದು ವರ್ಷ ಅದನ್ನು ಸವೆಸಿದ್ದವು.

ಎದುರಿನಿಂದ ಕಬ್ಬು ತುಂಬಿದ ಒಂದು ಎತ್ತಿನ ಗಾಡಿ ಬಂತು. ಕಬ್ಬು ಎರಡೂ ಬದಿಗೆ ಚಾಚಿಕೊಂಡು ರಸ್ತೆಯ ಮುಕ್ಕಾಲು ಭಾಗ ಹಿಡಿದಿತ್ತು. ಅಪ್ಪ ವೇಗ ಇಳಿಸಿದರು, ಎಡಕ್ಕೆ ಸರಿದರು. ಅವರು ಗಾಡಿಯನ್ನೇ ನೋಡುತ್ತಿದ್ದರು. ಗಾಡಿಗೆ ದಾರಿ ಸಾಲಲಿಲ್ಲ. ಅಪ್ಪ ಇನ್ನೂ ಎಡಕ್ಕೆ ಸರಿದರು. ನನ್ನ ಕಿಟಕಿಯ ಕೆಳಗೆ ಹುಲ್ಲು ಕಂಡಿತು, ಆಮೇಲೆ ಹುಲ್ಲು ಕಾಣಲಿಲ್ಲ. ನೀರು ಕಂಡಿತು.

“ಅಪ್ಪ” ಎಂದೆನೋ ಇಲ್ಲವೋ ನೆನಪಿಲ್ಲ. ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ.

ಕಾರು ಜಗ್ಗಿ ನಿಂತು, ಎಂಜಿನ್ ಆರಿತು. ಮಗಳ ಹಣೆ ನನ್ನ ಸೀಟಿನ ಬೆನ್ನಿಗೆ ಬಡಿಯಿತು. ಕಾರು ಎಡಕ್ಕೆ ಸ್ವಲ್ಪ ವಾಲಿತು. ಚಕ್ರದ ಕೆಳಗಿನಿಂದ ಮಣ್ಣು ಕಿತ್ತುಬಂದು, ಕಲ್ಲುಗಳು ಒಂದೊಂದಾಗಿ ನೀರಿಗೆ ಬಿದ್ದವು. ಬುಳುಕ್, ಬುಳುಕ್. ನಾಲ್ಕು ಸಲ ಕೇಳಿಸಿತು. ಎತ್ತಿನ ಗಾಡಿಯವನು ಬಾಯಿ ತೆರೆದು ನಿಂತಿದ್ದ.

ಅಪ್ಪ ಸ್ಟೇರಿಂಗ್ ಬಿಡಲಿಲ್ಲ. ಮುಂದಕ್ಕೇ ನೋಡುತ್ತ, ತುಂಬ ಮೆಲ್ಲಗೆ ಹೇಳಿದರು:

“ನಿಮ್ಮಮ್ಮ ಇಷ್ಟು ಜೋರಾಗಿ ಹಾಕಲ್ಲ.”

ಹಿಂದಿನ ಸೀಟಿನಲ್ಲಿ ಅಮ್ಮ ಉಸಿರು ಎಳೆದುಕೊಂಡದ್ದು ಕೇಳಿಸಿತು.

ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ? ಮೂವತ್ತು ವರ್ಷ ಆ ಸರಳಿನ ಒಂದು ತುದಿಯಲ್ಲಿ ಬದುಕಿದವರ ಪಾದದ ಕೆಳಗೆ ಬ್ರೇಕು ತಾನಾಗಿಯೇ ಇಳಿದರೆ, ಇನ್ನೊಂದು ತುದಿಯಲ್ಲಿ ಯಾರ ಕಾಲಿದೆ ಎಂದು ಅವರಿಗೆ ಹೇಳಿಕೊಡಬೇಕೆ? ಹೊಸಬರಿಗೆ ತಿಳಿಯದ್ದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಅಮ್ಮ ಇಲ್ಲದೆ ಅವರು ಕಾರು ತೆಗೆಯುತ್ತಿರಲಿಲ್ಲ. ಅವಳು ಕಾಪಾಡುತ್ತಿರುವುದು ತಮಗೆ ತಿಳಿಯದು ಎಂದು ನಟಿಸುತ್ತ ಅಪ್ಪ, ಅವರಿಗೆ ತಿಳಿಯದು ಎಂದು ನಂಬಿ ಅಮ್ಮ, ಊರಿಡೀ ಓಡಾಡಿದ್ದರು. ನಾನು ಅದನ್ನು ಪ್ರೀತಿ ಎಂದು ನಕ್ಕಿದ್ದೆ. ಈಗಲೂ ಅದು ಪ್ರೀತಿಯಲ್ಲ ಎಂದು ಹೇಳಲಾರೆ.

ಆದರೆ ಆ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟು. ಕಣ್ಣು ಕತ್ತಲೆ ಬರುವಂಥ ಸಿಟ್ಟು. “ಗೊತ್ತಿದ್ದೂ ನನ್ನ ಮಗಳನ್ನು ಕೂರಿಸಿಕೊಂಡು ಬಂದಿರಲ್ಲ!” ಎಂದು ಕೂಗಿದೆ. ಹಾಗೆ ಕೂಗುವಾಗ, ತೊಣ್ಣೂರಿನಿಂದ ಗೊತ್ತಿದ್ದೂ ಅವಳನ್ನು ಕೂರಿಸಿಕೊಂಡು ಬಂದವಳು ನಾನೂ ಹೌದು ಎನ್ನುವುದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

“ಎಲ್ರೂ ಬಲಗಡೆಯಿಂದ ಇಳೀರಿ. ನಿಧಾನ. ಮೊದ್ಲು ಪುಟ್ಟಿ” ಎಂದರು ಅಪ್ಪ. ಹ್ಯಾಂಡ್ ಬ್ರೇಕ್ ಎಳೆದು, ಎಲ್ಲರೂ ಇಳಿಯುವ ತನಕ ಅವರು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಎಡಗಡೆಯ ಮುಂದಿನ ಚಕ್ರದ ಅರ್ಧ ಗಾಳಿಯಲ್ಲಿತ್ತು. ಗಾಡಿಯವನು ಮತ್ತು ಗದ್ದೆಯಿಂದ ಓಡಿ ಬಂದ ಇಬ್ಬರು ಸೇರಿ ಕಾರನ್ನು ಎಳೆದು, ತಳ್ಳಿ ರಸ್ತೆಗೆ ತಂದರು. ಅವರಲ್ಲಿ ಹಿರಿಯರೊಬ್ಬರು ಅಪ್ಪನಿಗೆ, “ಯಾಕ್ ಸ್ವಾಮಿ, ನೀರು ಕಾಣ್ಲಿಲ್ವಾ?” ಎಂದು ಕೇಳಿದರು. ಅಪ್ಪ, ಅಷ್ಟೂ ಜನರ ಮುಂದೆ, “ಇಲ್ಲ, ಕಾಣ್ಲಿಲ್ಲ. ನಂಗೆ ಆ ಕಣ್ಣು ಕಾಣಲ್ಲ” ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಗಳ ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಊದಿಕೊಂಡಿತ್ತು. ಅವಳಿಗೆ ನೀರು ಕುಡಿಸಿದೆ. ಅಪ್ಪ ಕಾರಿನ ಮುಂದಿನಿಂದ ಸುತ್ತಿ ಬಂದು, ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟು, ಎಡಗಡೆಯ ಸೀಟಿನಲ್ಲಿ ಹೋಗಿ ಕೂತರು.

ಇಪ್ಪತ್ತು ವರ್ಷಗಳ ಮೇಲೆ ಆ ಸ್ಟೇರಿಂಗ್ ಹಿಡಿದೆ. ನಾಲೆಯ ಏರಿ ಮುಗಿಯುವ ತನಕ ಕಾರು ನಡೆದು ಹೋಗುವವರಷ್ಟು ನಿಧಾನ ಹೋಯಿತು. ಎರಡು ಸಲ ಎಂಜಿನ್ ಆರಿಸಿದೆ. ಅಪ್ಪ ಬೈಯಲಿಲ್ಲ. “ಕ್ಲಚ್ ಮೆತ್ತಗೆ ಬಿಡು” ಎಂದು ಒಂದೇ ಸಲ ಹೇಳಿದರು. ಹೆದ್ದಾರಿಗೆ ಬಂದ ಮೇಲೆ ಅದೂ ಇಲ್ಲ. ಸಂಜೆಯ ಲಾರಿಗಳು ಎರಡೂ ಕಡೆ ಗಾಳಿ ನೂಕುತ್ತ ಹೋಗುತ್ತಿದ್ದವು. ಪ್ರತಿಯೊಂದಕ್ಕೂ ನನ್ನ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಎಡಗಡೆ ಅವರ ಕಾಲಿದೆ ಎನ್ನುವುದೊಂದೇ ನನ್ನ ಧೈರ್ಯವಾಗಿತ್ತು.

ಕೆಂಗೇರಿಗೆ ಬರುವಾಗ ದೀಪ ಹತ್ತಿತ್ತು. ಮೆಟ್ರೋ ಕಂಬಗಳ ಬಳಿ, ಎಡಗಡೆಯಿಂದ ಒಂದು ಬಸ್ಸು ಸಿಗ್ನಲ್ಲೂ ಕೊಡದೆ ನಮ್ಮ ಮುಂದಕ್ಕೆ ನುಗ್ಗಿತು. ಕಾರು ನಿಂತಿತು. ಬಸ್ಸಿನ ಹಿಂಭಾಗ ಮೊಳದಷ್ಟು ದೂರದಲ್ಲಿತ್ತು. ನಿಲ್ಲಿಸಿದ್ದು ಯಾರು ಎಂದು ಪಕ್ಕಕ್ಕೆ ಬಾಗಿ ನೋಡಿದೆ.

ಅಪ್ಪ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಎರಡೂ ಪಾದಗಳು ತೊಡೆಯ ಕೆಳಗಿದ್ದವು. ಯಾವಾಗಿನಿಂದ ಹಾಗೆ ಕೂತಿದ್ದರೋ ಗೊತ್ತಿಲ್ಲ.

ಅಷ್ಟರಲ್ಲಿ ಹಿಂದಿನ ಸೀಟಿನ ಕೆಳಗೆ ದಪ್ ಎಂದು ಸದ್ದಾಯಿತು. ಮುಂದಿನ ಸಿಗ್ನಲಿನಲ್ಲಿ ಒಬ್ಬ ಬೈಕಿನವನು ಅಡ್ಡ ಬಂದ. ಮತ್ತೆ ದಪ್. ನೋವಿನ ಕಾಲಿನಲ್ಲಿ ಅಮ್ಮ ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದಳು. ಅವಳ ಕಣ್ಣು ಎಡಗಡೆಯ ಕಿಟಕಿಯ ಮೇಲೇ ಇತ್ತು.

ಅಪ್ಪ ಹಿಂದಕ್ಕೆ ತಿರುಗಲಿಲ್ಲ. “ಸಾಕು ಕಣೇ, ಕಾಲು ತೆಗಿ” ಎಂದರು. “ಇನ್ಮೇಲೆ ಅವ್ಳೇ ಹಾಕ್ಕೋತಾಳೆ.”

ಕನ್ನಡಿಯಲ್ಲಿ ನೋಡಿದೆ. ಅಮ್ಮ ಅಳುತ್ತಿದ್ದಳು. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ನಾನು ಗೇರು ಹಾಕಿದೆ. ನಾಗರಭಾವಿ ದಾಟಿ ನಮ್ಮ ಬೀದಿಗೆ ಬರುವ ತನಕ ಆ ಸದ್ದು ಇನ್ನೂ ಮೂರು ಸಲ ಕೇಳಿಸಿತು.